ಕಾರಿನ ಎಂಜಿನ್‌ಗೆ ಗಾಳಿ ಒದಗಿಸುವ ಭಾಗಗಳ ಬದಲಾವಣೆ: ವಾಹನ ಮಾಲೀಕರ ಗಮನಕ್ಕೆ

ಕಾರಿನ ಶಕ್ತಿಯನ್ನು ಹೆಚ್ಚಿಸುವ ಉದ್ದೇಶದಿಂದ ಕೆಲವು ಮಾಲೀಕರು ತಯಾರಕರು ಅಳವಡಿಸಿರುವ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆದು, ಮಾರುಕಟ್ಟೆಯಲ್ಲಿ ದೊರೆಯುವ 'ಕೋಲ್ಡ್ ಏರ್' ಅಥವಾ 'ಶಾರ್ಟ್ ರಾಮ್' ಕೊಳವೆಗಳನ್ನು ಅಳವಡಿಸಿಕೊಳ್ಳುತ್ತಾರೆ. ಇವೆರಡರ ವ್ಯತ್ಯಾಸ, ಸಾಧಕ ಬಾಧಕ ಮತ್ತು ಸಂಬಂಧಪಟ್ಟ ಕಾನೂನನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

1. ಶಾರ್ಟ್ ರಾಮ್ ಕೊಳವೆ
ಇದು ಗಿಡ್ಡನೆಯ ಕೊಳವೆಯಾಗಿದ್ದು, ಫಿಲ್ಟರ್ ಬಾನೆಟ್‌ನ ಒಳಗೇ ಇರುತ್ತದೆ. ಬೆಲೆ ಕಡಿಮೆ, ಅಳವಡಿಕೆಯೂ ಸುಲಭ. ಆದರೆ ಎಂಜಿನ್ ತನ್ನದೇ ಬಿಸಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಏರಿದಲ್ಲಿ ಅದರ ಸಾಂದ್ರತೆ ಸುಮಾರು ಶೇ. 9ರಷ್ಟು ಇಳಿಯುತ್ತದೆ. ಸಾಂದ್ರತೆ ಇಳಿದಂತೆ ಶಕ್ತಿಯೂ ಇಳಿಯುತ್ತದೆ. ಸಿಲ್ಕ್ ಬೋರ್ಡ್ ವೃತ್ತದಂತಹ ಕಡೆ ನಿಂತು ನಿಂತು ಸಾಗುವ ವಾಹನಗಳಲ್ಲಿ ಈ ತೊಂದರೆ ಹೆಚ್ಚು.

2. ಕೋಲ್ಡ್ ಏರ್ ಕೊಳವೆ
ಇದು ಉದ್ದನೆಯ ಕೊಳವೆ. ಫಿಲ್ಟರ್ ಬಂಪರ್ ಅಥವಾ ಚಕ್ರದ ಸಮೀಪ, ಕೆಳಮಟ್ಟದಲ್ಲಿರುತ್ತದೆ. ಹೊರಗಿನ ತಂಪು ಗಾಳಿ ದೊರೆಯುವುದು ಇದರ ಅನುಕೂಲ. ಆದರೆ ಫಿಲ್ಟರ್ ನೀರಿನಲ್ಲಿ ಮುಳುಗಿದರೆ ನೀರು ಸಿಲಿಂಡರ್‌ಗೆ ಸೇರುತ್ತದೆ. ನೀರನ್ನು ಗಾಳಿಯಂತೆ ಅದುಮಲು ಸಾಧ್ಯವಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಕೆಡುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಹಾಗೂ ಬೆಳ್ಳಂದೂರು ಭಾಗದಲ್ಲಿ ರಸ್ತೆಗಳು ಜಲಾವೃತವಾದುದನ್ನು ಇಲ್ಲಿ ಗಮನಿಸಬೇಕು. ನೀರಿನಲ್ಲಿ ನಿಂತುಹೋದ ಕಾರನ್ನು ಯಾವುದೇ ಕಾರಣಕ್ಕೂ ಮತ್ತೆ ಚಾಲೂ ಮಾಡತಕ್ಕದ್ದಲ್ಲ. ಇಂತಹ ಹಾನಿ ಸಾಮಾನ್ಯ ವಿಮಾ ಪಾಲಿಸಿಯಲ್ಲಿ ಬಹುಪಾಲು ಸೇರಿರುವುದಿಲ್ಲ. ತಿಳಿಸದೆ ಮಾಡಿದ ಬದಲಾವಣೆಯ ಕಾರಣದಿಂದಲೂ ವಿಮಾ ಪರಿಹಾರ ನಿರಾಕರಣೆಯಾಗಬಹುದು.

3. ಲಾಭ ಎಷ್ಟು?
ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ವಾಯುಭಾರ ಸುಮಾರು ಶೇ. 10ರಷ್ಟು ಕಡಿಮೆ. ಈ ಕೊರತೆಯನ್ನು ಯಾವ ಕೊಳವೆಯೂ ತುಂಬಿಕೊಡಲಾರದು. ದೊರೆಯುವ ಅಲ್ಪ ಲಾಭವೂ ಎಂಜಿನ್ ಅತಿ ವೇಗವಾಗಿ ತಿರುಗುವಾಗ ಮಾತ್ರ. ನಗರದ ಸಂಚಾರದಲ್ಲಿ ಹೆಚ್ಚಾಗಿ ಕೇಳಿಬರುವುದು ಶಬ್ದವಷ್ಟೇ. ಅನೇಕ ಕಾರುಗಳಲ್ಲಿ ತಯಾರಕರ ಪೆಟ್ಟಿಗೆಯೇ ಹೊರಗಿನ ಗಾಳಿಯನ್ನು ಮೇಲ್ಮಟ್ಟದಿಂದ ಎಳೆದುಕೊಳ್ಳುವಂತೆ ರಚಿತವಾಗಿರುತ್ತದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಧೂಳಿನಲ್ಲಿ ಸರಿಯಾಗಿ ಸೋಸದ ಫಿಲ್ಟರ್ ಸಿಲಿಂಡರ್‌ನ ಸವೆತಕ್ಕೆ ಕಾರಣವಾಗುತ್ತದೆ. ಎಣ್ಣೆ ಲೇಪಿತ ಫಿಲ್ಟರ್‌ನ ಎಣ್ಣೆ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್‌ಗೆ ಅಂಟುವ ಸಂಭವವೂ ಉಂಟು.

4. ಕಾನೂನು
ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿ ಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ ಕಲಂ 182ಎ(4)ರಂತೆ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಅಳವಡಿಸಿ ವಾಹನವನ್ನು ಬದಲಿಸಿದ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ವಾಯುಮಾಲಿನ್ಯ ತಪಾಸಣಾ ಪ್ರಮಾಣ ಪತ್ರ ಹೊಂದಿದ ಮಾತ್ರಕ್ಕೆ ಬದಲಾವಣೆಗೆ ಅನುಮತಿ ದೊರೆತಂತಾಗುವುದಿಲ್ಲ.

5. ಮಾಲೀಕರು ಅನುಸರಿಸಬೇಕಾದ ಕ್ರಮ
ಅ) ತಯಾರಕರ ಪೆಟ್ಟಿಗೆಯನ್ನು ಉಳಿಸಿಕೊಂಡು, ಸೂಚಿಸಿದ ಅವಧಿಗೆ, ಧೂಳಿನ ಪ್ರದೇಶದಲ್ಲಿ ಅದಕ್ಕೂ ಮೊದಲೇ, ಅದೇ ಅಳತೆಯ ಹೊಸ ಫಿಲ್ಟರ್ ಹಾಕಿಸುವುದು.
ಆ) ಯಾವುದೇ ಬದಲಾವಣೆಗೆ ಹಣ ತೆರುವ ಮೊದಲು ವಾಹನ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು.
ಇ) ಈಗಾಗಲೇ ಬದಲಾವಣೆ ಮಾಡಿಸಿದ್ದಲ್ಲಿ, ವಾಹನದ ಮಾರಾಟ ಅಥವಾ ಅರ್ಹತಾ ಪತ್ರದ ನವೀಕರಣಕ್ಕೆ ಮುನ್ನ ಮೂಲ ಭಾಗಗಳನ್ನು ಮರಳಿ ಅಳವಡಿಸುವುದು. ಆದುದರಿಂದ ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕಬಾರದು.

ಎರಡು ಕೊಳವೆಗಳ ಪೈಕಿ ಯಾವುದು ಮೇಲು ಎಂಬ ಪ್ರಶ್ನೆಗೆ, ನಗರದಲ್ಲಿ ನಿತ್ಯ ಸಂಚರಿಸುವ ಕಾರಿಗೆ ತಯಾರಕರು ಕೊಟ್ಟ ವ್ಯವಸ್ಥೆಯೇ ಮೇಲು ಎಂಬುದು ಉತ್ತರ. ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.