ಕೋವಿಗೆ ಪೂಜೆ, ತೋಟಾಕ್ಕೆ ಲೆಕ್ಕ

ಅಮೆರಿಕದಲ್ಲಿ ಹತ್ತು ಹದಿನೈದು ವರ್ಷ ಇದ್ದು ಈ ಕಡೆ ಮರಳುವವರು ಮನೆ ಸಾಮಾನನ್ನೆಲ್ಲ ಕಂಟೇನರಿಗೆ ತುಂಬಿಸಿ ಕಳಿಸುವುದು ಈಗ ಮಾಮೂಲು. ಸೋಫಾ, ಮಕ್ಕಳ ಸೈಕಲ್ಲು, ಗ್ಯಾರೇಜಿನ ಸ್ಪ್ಯಾನರ್ ಸೆಟ್ಟು ಎಲ್ಲವೂ ಬರುತ್ತವೆ. ಡಲ್ಲಾಸ್ ಬಿಟ್ಟು ಪುಣೆಯಲ್ಲಿ ನೆಲೆಸಲು ಹೊರಟ ನನ್ನ ದೊಡ್ಡಪ್ಪನ ಮಗ ಕಳಿಸಿದ ಸಾಮಾನಿನ ಪಟ್ಟಿಯಲ್ಲಿ ಇವೆಲ್ಲದರ ನಡುವೆ ಒಂದು ಸಾಲು ಹೀಗಿತ್ತು: 'ಟರೆಟ್ ಪ್ರೆಸ್, 1'. ಜೊತೆಗೊಂದು ಮೆಸೇಜು: "ಇದಕ್ಕೇನಾದರೂ ಪರ್ಮಿಷನ್ ಬೇಕಾ ನೋಡೋ. ಬರೀ ಕಬ್ಬಿಣ ಕಣೋ, ಮದ್ದೂ ಇಲ್ಲ, ಗುಂಡೂ ಇಲ್ಲ."

ಉತ್ತರ ಹುಡುಕುತ್ತಾ ಎರಡು ವಾರಾಂತ್ಯ ಕಳೆದವು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳ ಮಂದಿಗೆ ಊರಲ್ಲಿ ಒಂದು ಕೋವಿಯೂ ಹೊರದೇಶದಲ್ಲಿ ಒಬ್ಬ ಅಣ್ಣನೋ ಭಾವನೋ ಇರುತ್ತಾರಲ್ಲ, ಅವರಿಗೆ ಉಪಯೋಗವಾಗಬಹುದು.

ಮೊದಲು ಈ ಪ್ರೆಸ್ ಏನೆಂದು ನೋಡೋಣ. ಹೊಡೆದ ತೋಟಾ ಪೂರ್ತಿ ವ್ಯರ್ಥವಾಗುವುದಿಲ್ಲ. ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಬಡಿತಕ್ಕೆ ಕಿಡಿ ಹಾರಿಸುವ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹೊಡೆದ ಮೇಲೆ ಮದ್ದೂ ಗುಂಡೂ ಹೋಗಿ ಕೇಪು ಸತ್ತರೂ ಹಿತ್ತಾಳೆ ಉಳಿಯುತ್ತದೆ. ತೋಟಾದಲ್ಲಿ ದುಬಾರಿ ಭಾಗವೂ ಸಾಮಾನ್ಯವಾಗಿ ಅದೇ. ಅದನ್ನು ಮತ್ತೆ ತುಂಬುವುದೇ ರೀಲೋಡಿಂಗ್.

ಪ್ರೆಸ್ ನೋಡಿದರೆ ನಮ್ಮ ಮನೆಗಳ ಶಾವಿಗೆ ಒರಳು ನೆನಪಾಗುತ್ತದೆ. ಮೇಜಿಗೆ ಬೋಲ್ಟ್ ಹಾಕಿದ ಎರಕದ ಚೌಕಟ್ಟು, ಪಕ್ಕದಲ್ಲಿ ಉದ್ದ ಹಿಡಿ. ಹಿಡಿ ಎಳೆದರೆ ಕೆಳಗಿನ ದಂಡ ತೋಟಾವನ್ನು ಮೇಲಕ್ಕೆತ್ತಿ ಅಚ್ಚಿನೊಳಗೆ ಒತ್ತುತ್ತದೆ. ಸಾದಾ ಪ್ರೆಸ್ಸಿನಲ್ಲಿ ಒಂದೇ ಅಚ್ಚು, ಕೆಲಸ ಬದಲಾದಾಗಲೆಲ್ಲ ಬಿಚ್ಚಿ ಹಾಕಬೇಕು. ಟರೆಟ್ ಪ್ರೆಸ್ಸಿನಲ್ಲಿ ತಲೆ ತಿರುಗುವ ಚಕ್ರ, ಅದರಲ್ಲಿ ಎಲ್ಲ ಅಚ್ಚುಗಳನ್ನೂ ಒಟ್ಟಿಗೆ ಕೂರಿಸಿರುತ್ತಾರೆ. ಚಕ್ರವನ್ನು ಒಂದೊಂದು ಮನೆ ತಿರುಗಿಸಿದಂತೆ ಮುಂದಿನ ಅಚ್ಚು ತೋಟಾದ ಮೇಲೆ ಬಂದು ನಿಲ್ಲುತ್ತದೆ. ಒಂದು ಅಚ್ಚು ಹಿಗ್ಗಿದ ಹಿತ್ತಾಳೆಯನ್ನು ಮೊದಲಿನ ಅಳತೆಗೆ ತಂದು ಸತ್ತ ಕೇಪನ್ನು ಹೊರಕ್ಕೆ ತಳ್ಳುತ್ತದೆ. ಇನ್ನೊಂದು ಗುಂಡನ್ನು ಕೂರಿಸುತ್ತದೆ.

ಯಂತ್ರ ಸರಳ, ಕೆಲಸ ಸರಳವಲ್ಲ. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ತೂಕಕ್ಕಿಂತ ಅದು ಹತ್ತಿರಹತ್ತಿರ ಅರ್ಧ. ಮಾತಿನ ನಡುವೆ ಒಂದೇ ತೋಟಾಕ್ಕೆ ಎರಡು ಸಲ ಮದ್ದು ಬಿದ್ದರೆ ಕೋವಿ ಸಿಡಿದು ಹಿಡಿದವನ ಕೈಯೇ ಹೋಗಬಹುದು. ಮದ್ದೇ ಬೀಳದಿದ್ದರೆ ಕೇಪಿನ ಬಲಕ್ಕೆ ಗುಂಡು ನಳಿಗೆಯ ಮಧ್ಯದವರೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಅದು ತಿಳಿಯದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ. ಅಣ್ಣ ಈ ಕೆಲಸಕ್ಕೆ ಕೂತಾಗ ಗ್ಯಾರೇಜಿನ ಬಾಗಿಲು ಮುಚ್ಚಿ, ಫೋನು ಅತ್ತಿಗೆ ಕೈಗೆ ಕೊಟ್ಟು ಹೋಗುತ್ತಿದ್ದ. ಅಲ್ಲಿನ ಫೆಡರಲ್ ಕಾನೂನಿನಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಲೈಸೆನ್ಸ್ ಬೇಡ, ಮಾರಾಟಕ್ಕೆ ಮಾಡುವವರಿಗೆ ಬೇಕು. ಅವನ ಮಟ್ಟಿಗೆ ಅದು ನಾವು ಭಾನುವಾರ ಬೈಕ್ ಸರ್ವಿಸ್ ಮಾಡಿಕೊಂಡಂತೆ.

ಈಗ ನಮ್ಮ ಕಾನೂನಿಗೆ ಬರೋಣ. 1959ರ ಆಯುಧ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ 'ಮದ್ದುಗುಂಡು' ಎಂದರೆ ಏನೆಂಬ ವಿವರಣೆಯಿದೆ. ಅದರಲ್ಲಿ ತೋಟಾ, ಬಾಂಬು, ರಾಕೆಟ್ಟುಗಳ ಜೊತೆಗೆ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಸೇರಿವೆ. ಅಂದರೆ ಕಾಯ್ದೆಯ ಮಾತನ್ನು ನೇರವಾಗಿ ಓದಿದರೆ ಅಣ್ಣನ 'ಬರೀ ಕಬ್ಬಿಣ' ಕಬ್ಬಿಣವಲ್ಲ, ಅದೇ ಮದ್ದುಗುಂಡು! ಲೈಸೆನ್ಸ್ ಇಲ್ಲದೆ ಅದನ್ನು ದೇಶದೊಳಗೆ ತರುವುದನ್ನು ಹತ್ತನೇ ಸೆಕ್ಷನ್ ತಡೆಯುತ್ತದೆ. ತಂದು ಕೆಲಸ ಶುರು ಮಾಡಿದರೆ ಐದನೇ ಸೆಕ್ಷನ್: ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಡಲ್ಲಾಸಿನಲ್ಲಿ ಭಾನುವಾರದ ಹವ್ಯಾಸ, ಪುಣೆಯಲ್ಲಿ 7 ವರ್ಷ ಜೈಲು.

ಅಣ್ಣನಿಗೆ ಇದನ್ನು ಹೇಳಿದಾಗ, "ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ?" ಎಂದ. ಆ ವಿನಾಯಿತಿ 1861ರಷ್ಟು ಹಳೆಯದು, ಮಾರ್ಕ್ ಕಬ್ಬನ್ ಕಾಲದ್ದು. ಇಂದಿಗೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಏರಿಸಿ ಪೂಜೆ ಮಾಡುತ್ತಾರೆ, ಮಗು ಹುಟ್ಟಿದಾಗಲೂ ಮನೆಯಲ್ಲಿ ಸಾವಾದಾಗಲೂ ಗುಂಡು ಹಾರಿಸುತ್ತಾರೆ. ಆದರೆ ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಮನೆಯಲ್ಲಿ ತೋಟಾ ತಯಾರಿಸುವುದಕ್ಕಲ್ಲ.

ನಮ್ಮ ಕೊಪ್ಪದ ಕಡೆ ಅಷ್ಟೂ ಇಲ್ಲ. ಬೆಳೆರಕ್ಷಣೆಯ ಲೈಸೆನ್ಸ್, ಚುನಾವಣೆ ಬಂದಾಗ ಕೋವಿ ಹೊತ್ತು ಠಾಣೆಗೆ ಹೋಗಿ ಇಟ್ಟು ಬರುವ ಸಂಕಟ. ಇದರ ನಡುವೆಯೂ ಒಂದು ಬಗೆಯ 'ತುಂಬುವ' ಕೆಲಸ ಅಲ್ಲಿ ಇದ್ದೇ ಇತ್ತು. ಅಜ್ಜನ ಕೇಪಿನ ಕೋವಿಗೆ ಪ್ರತಿ ಈಡಿಗೂ ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಮತ್ತೆ ಗಿಡಿದು, ಕೊನೆಗೆ ಕೇಪು ಇಡಬೇಕಿತ್ತು. ಅದು ಕರಿಮದ್ದು. ತೋಟಾದೊಳಗಿನ ಈಗಿನ ಹೊಗೆರಹಿತ ಮದ್ದಿನ ಸ್ವಭಾವವೇ ಬೇರೆ, ಅಜ್ಜನ ಹಾಗೆ ಅಂದಾಜಿನಲ್ಲಿ ಅಳೆದರೆ ಅದು ಕ್ಷಮಿಸುವುದಿಲ್ಲ. ಆ ಕರಿಮದ್ದಿಗೂ ಅಂಗಡಿಯವನ ಪುಸ್ತಕದಲ್ಲಿ ಲೆಕ್ಕವಿತ್ತು. ದೊಡ್ಡಪ್ಪ 12 ಬೋರಿನ ತೋಟಾ ಕೋವಿ ಕೊಂಡ ಮೇಲೆ ಲೈಸೆನ್ಸಿನಲ್ಲೇ ವರ್ಷಕ್ಕೆ ಎಷ್ಟು, ಒಮ್ಮೆಗೆ ಎಷ್ಟು ಎಂದು ಬರೆದಿರುತ್ತಿತ್ತು. ನಮ್ಮಲ್ಲಿ ಕೋವಿಗೆ ಪೂಜೆ, ತೋಟಾಕ್ಕೆ ಲೆಕ್ಕ.

ಆ ತೋಟಾಗಳ ಹಿತ್ತಾಳೆ ಬುಡದಲ್ಲಿ 'ಕೆಎಫ್' ಎಂಬ ಎರಡು ಅಕ್ಷರ ಇರುತ್ತಿದ್ದವು. ಅದರ ಅರ್ಥ ತಿಳಿದದ್ದು ಪುಣೆಗೆ ಬಂದ ಮೇಲೆ. ಕೆಎಫ್ ಎಂದರೆ ಕಿರ್ಕಿ ಫ್ಯಾಕ್ಟರಿ. ನಾನಿರುವ ಔಂಧಿಗೆ ಹತ್ತಿರದ ಖಡಕಿಯನ್ನು ಬ್ರಿಟಿಷರು ಕಿರ್ಕಿ ಎನ್ನುತ್ತಿದ್ದರು. ಅಲ್ಲಿನ ಮದ್ದುಗುಂಡು ಕಾರ್ಖಾನೆ ಶುರುವಾದದ್ದು 1869ರಲ್ಲಿ. 2021ರ ಅಕ್ಟೋಬರಿನಲ್ಲಿ ದೇಶದ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಮಾಡಿದಾಗ ಅದು ಮ್ಯುನಿಷನ್ಸ್ ಇಂಡಿಯಾಕ್ಕೆ ಸೇರಿತು. ಆ ಕಂಪನಿಯ ಮುಖ್ಯ ಕಚೇರಿಯೂ ಪುಣೆಯಲ್ಲೇ. ಕೊಪ್ಪದ ತೋಟದಲ್ಲಿ ಕಾಡುಹಂದಿ ಓಡಿಸಲು ಹಾರಿದ ಈಡು ನಾನೀಗ ಬಾಡಿಗೆ ಕಟ್ಟುತ್ತಿರುವ ಊರಿನಿಂದ ಹೋದದ್ದು ಎಂಬುದು ನನಗೆ ಸಣ್ಣ ಆಶ್ಚರ್ಯವಲ್ಲ. ಅಲ್ಲಿ ಬೇಲಿಯೊಳಗೆ ನಡೆಯುವ ಕೆಲಸವನ್ನೇ ಅಣ್ಣ ಪಕ್ಕದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮಾಡಬೇಕೆಂದಿದ್ದ ಎಂದುಕೊಂಡರೆ, ಕಾನೂನಿನ ಬಿಗಿ ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ. ಕೆಳಗೆ ಎಂಟು ಮಹಡಿ, ಪಕ್ಕದಲ್ಲಿ ಗ್ಯಾಸ್ ಪೈಪು, ಬಾಗಿಲು ತಟ್ಟದೆ ಬರುವ ಮಕ್ಕಳು.

ಹಾಗಾದರೆ ನಮ್ಮ ಒಲಿಂಪಿಕ್ ಶೂಟರ್‌ಗಳು ಏನು ಮಾಡುತ್ತಾರೆ? ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸಿನಲ್ಲಿ ಕಂಚು ಗೆದ್ದದ್ದು ಪಾಯಿಂಟ್ 22 ತೋಟಾದಲ್ಲಿ. ಅದನ್ನು ಸಾಮಾನ್ಯವಾಗಿ ಯಾರೂ ಮರುತುಂಬುವುದಿಲ್ಲ. ಅದರ ಬುಡದಲ್ಲಿ ಬೇರೆ ಕೇಪು ಇರುವುದಿಲ್ಲ, ಕಿಡಿ ಹುಟ್ಟಿಸುವ ಮಸಾಲೆ ಅಂಚಿನ ಮಡಿಕೆಯೊಳಗೇ ಇರುತ್ತದೆ, ಹೊಡೆದಾಗ ಆ ಅಂಚು ಜಜ್ಜಿಹೋಗುತ್ತದೆ. ಅದಕ್ಕೇ ಅವರು ಕಾರ್ಖಾನೆಯ ಬೇರೆ ಬೇರೆ ಲಾಟುಗಳನ್ನು ತಮ್ಮ ರೈಫಲ್ಲಿನಲ್ಲಿ ಪರೀಕ್ಷಿಸಿ, ಯಾವ ಲಾಟು ಒಂದೇ ಜಾಗಕ್ಕೆ ಬೀಳುತ್ತದೋ ಅದನ್ನು ಆರಿಸಿಕೊಳ್ಳುತ್ತಾರೆ.

ಅಣ್ಣ ಪ್ರೆಸ್ಸನ್ನು ಅಲ್ಲಿನ ಕ್ಲಬ್ಬಿನ ಗೆಳೆಯನಿಗೆ ಮಾರಿ ಬಂದ. ಬೇಜಾರಾಗಿದ್ದು ನಿಜ. ಈಗ ಶನಿವಾರ ಬಾಲೇವಾಡಿಯ ರೇಂಜಿಗೆ ಮಗಳನ್ನು ಕರೆದುಕೊಂಡು ಹೋಗುತ್ತಾನೆ, ಇಬ್ಬರೂ ಏರ್ ರೈಫಲ್ ಕಲಿಯುತ್ತಿದ್ದಾರೆ. ಪಾಯಿಂಟ್ 177 ಬೋರಿನ, 20 ಜೂಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಮದ್ದಿಲ್ಲ, ಕೇಪಿಲ್ಲ, ಗಾಳಿ ಮಾತ್ರ.

ಕೊನೆಗೆ, ಕಂಟೇನರ್ ಇಲ್ಲದ ನಮ್ಮಂಥವರಿಗೂ ಒಂದು ಮಾತು. ಊರಿನಿಂದ ಬರುವಾಗ ಅಪ್ಪನದೋ ಮಾವನದೋ ಹಳೆಯ ಬ್ಯಾಗು ತರುತ್ತೇವೆ. ಅದರ ಒಳಜೇಬಿನಲ್ಲಿ ಮರೆತ ಒಂದು ತೋಟಾ ಇದ್ದರೆ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಾಣುತ್ತದೆ, ವಿಮಾನ ತಪ್ಪುತ್ತದೆ, ಎಫ್ಐಆರ್ ಆಗುತ್ತದೆ. ಸ್ವಾಧೀನ ಎನ್ನಲು ತನ್ನ ಬಳಿ ಇದೆಯೆಂಬ ಅರಿವು ಇರಬೇಕು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಒಂಟಿ ತೋಟಾದ ಇಂಥ ಹಲವು ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿಯೂ ಇದೆ. ಆದರೆ ಅಲ್ಲಿಯವರೆಗೆ ವಕೀಲರು, ವಾಯಿದೆ, ಪಾಸ್‌ಪೋರ್ಟ್ ರಿನ್ಯೂವಲ್ಲಿನ ಪೊಲೀಸ್ ವೆರಿಫಿಕೇಷನ್ನು, ಎಚ್‌ಆರ್‌ನವರ ಪ್ರಶ್ನೆ. ಮಕ್ಕಳು ಆಡಲು ಎತ್ತಿಕೊಂಡ ಖಾಲಿ ತೋಟಾವನ್ನೂ, ಕೀ ಚೈನ್ ಮಾಡಿದ ಗುಂಡನ್ನೂ ಊರಲ್ಲೇ ಬಿಟ್ಟು ಬನ್ನಿ. ಹೊರಡುವ ಹಿಂದಿನ ರಾತ್ರಿ ಬ್ಯಾಗಿನ ಎಲ್ಲ ಜೇಬನ್ನೂ ತಲೆಕೆಳಗು ಮಾಡಿ ಒಮ್ಮೆ ಕೊಡವಿ.