ಗ್ಯಾಸ್ ರಿವಾಲ್ವರು: ಆಟಿಕೆಯೆಂಬ ಅಸಡ್ಡೆ ಬೇಡ

ದೀಪಾವಳಿ ಬಂತೆಂದರೆ ಕೇಪು ಹೊಡೆಯುವ ಪಿಸ್ತೂಲಿಗಾಗಿ ಹಟ ಹಿಡಿಯದ ಹುಡುಗರು ಯಾವ ಮನೆಯಲ್ಲಿದ್ದಾರೆ? ತಗಡಿನ ಆ ಪಿಸ್ತೂಲಿನ ಪ್ರತಾಪವೆಲ್ಲ ಸದ್ದಿನಲ್ಲೇ ಮುಗಿಯುತ್ತದೆ. ಹಬ್ಬ ಕಳೆದು ಎರಡು ದಿನಕ್ಕೆ ಅದು ಮುರಿದು ಅಟ್ಟ ಸೇರುತ್ತದೆ. ಆದರೆ ನಮ್ಮವರ ಮಕ್ಕಳು ಈಗ ಮುಂಬಯಿ, ಚೆನ್ನೈಗಳನ್ನೂ ದಾಟಿ ಟೋಕಿಯೊ, ಲಂಡನ್, ಷಿಕಾಗೊಗಳಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿಯ ಅಂಗಡಿಗಳ ಗಾಜಿನ ಹಿಂದೆ ಬೇರೊಂದು ಬಗೆಯ ಪಿಸ್ತೂಲು ಹೊಳೆಯುತ್ತಿರುತ್ತದೆ. ಅದರ ಹೆಸರು ಏರ್‌ಸಾಫ್ಟ್ ರಿವಾಲ್ವರು. ತೂಕ, ಬಣ್ಣ, ಸುತ್ತುವ ಉರುಳೆ, ಎಲ್ಲವೂ ಅಸಲು ರಿವಾಲ್ವರಿನಂತೆಯೇ. ಮದ್ದಿನ ಬದಲು ಅನಿಲ, ಸೀಸದ ಗುಂಡಿನ ಬದಲು ಪ್ಲಾಸ್ಟಿಕ್ ಗುಂಡು, ಇಷ್ಟೇ ವ್ಯತ್ಯಾಸ. ಇದನ್ನು ಕೊಂಡವರೂ ಕೊಳ್ಳಬೇಕೆಂದಿರುವವರೂ ಅವರ ಹೆತ್ತವರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಯಸುತ್ತೇವೆ.

ಈ ವಸ್ತುವಿನ ತವರು ಜಪಾನು. ಆ ದೇಶದಲ್ಲಿ 1958ರ ಕಾನೂನು ಕತ್ತಿ, ಬಂದೂಕುಗಳನ್ನು ಬಿಗಿಯಾಗಿ ಕಟ್ಟಿಹಾಕಿತು. ಸಾಮಾನ್ಯ ಪ್ರಜೆಗೆ ಪಿಸ್ತೂಲು ಕೈಗೆಟುಕದ ಮಾತಾಯಿತು. ಕೈಗೆಟುಕದ್ದರ ಮೇಲೆ ಮನಸ್ಸು ಹೆಚ್ಚು ಹೋಗುವುದು ಲೋಕರೂಢಿಯಷ್ಟೆ! ಅಲ್ಲಿಯ ಕುಶಲಿಗಳು ಪಿಸ್ತೂಲಿನ ಪಡಿಯಚ್ಚುಗಳನ್ನು ಮಾಡಿ ಮಾರತೊಡಗಿದರು. ಲೋಹದ ಪಡಿಯಚ್ಚುಗಳು ದುರುಪಯೋಗವಾಗುತ್ತವೆಂದು ಕಂಡಾಗ ಸರ್ಕಾರವು 1971ರಲ್ಲಿ ಅವುಗಳ ನಳಿಗೆಯನ್ನು ಮುಚ್ಚಿ, ಮೈಗೆ ಬಿಳಿ ಇಲ್ಲವೆ ಹಳದಿ ಬಣ್ಣ ಬಳಿಯಬೇಕೆಂದು ವಿಧಿಸಿತು. ಆಮೇಲೆ ಪ್ಲಾಸ್ಟಿಕ್ಕಿಗೆ ಪ್ರಾಶಸ್ತ್ಯ ಬಂತು. 1970ರ ದಶಕದಲ್ಲಿಯೇ ಸಣ್ಣ ಪ್ಲಾಸ್ಟಿಕ್ ಗುಂಡನ್ನು ಹಾರಿಸುವ ಏರ್‌ಸಾಫ್ಟ್ ಬಂದೂಕುಗಳು ಹುಟ್ಟಿಕೊಂಡು ಕ್ರಮೇಣ ಬೇರೆ ದೇಶಗಳಿಗೂ ಹಬ್ಬಿದವು.

ಇದರ ಯಂತ್ರ ಸರಳವಾದದ್ದು. ಬೆರಳಿನಿಂದ ಕುದುರೆಯನ್ನು ಎಳೆದಾಗ ಉರುಳೆ ಒಂದು ಮನೆ ಸುತ್ತುತ್ತದೆ. ಹಿಂದಿನ ಸುತ್ತಿಗೆ ಹೋಗಿ ವಾಲ್ವಿಗೆ ಬಡಿಯುತ್ತದೆ. ಕ್ಷಣಮಾತ್ರ ತೆರೆದ ವಾಲ್ವಿನಿಂದ ಹೊರಟ ಅನಿಲ 6 ಮಿಲಿಮೀಟರಿನ ಗುಂಡನ್ನು ದೂಡುತ್ತದೆ. ಕೆಲವು ಮಾದರಿಗಳಲ್ಲಿ ಅನಿಲ ಹಿಡಿಯಲ್ಲಿರುತ್ತದೆ, ಗುಂಡುಗಳು ತೋಟಾಗಳಲ್ಲಿರುತ್ತವೆ. ಟೋಕಿಯೊದ ತನಾಕಾ ಕಂಪನಿಯವರ ಪೆಗಾಸಸ್ ಎಂಬ ಏರ್ಪಾಟಿನಲ್ಲಿ ಅನಿಲವೂ ಗುಂಡುಗಳೂ ಉರುಳೆಯ ಹೊಟ್ಟೆಯೊಳಗೇ ಅಡಗಿರುತ್ತವೆ. ಈ ಭೇದವನ್ನು ನೆನಪಿಡಬೇಕು. ಮೊದಲನೆಯ ಬಗೆಯಲ್ಲಿ ಉರುಳೆಯನ್ನು ಪಕ್ಕಕ್ಕೆ ತೆರೆದು ತೋಟಾಗಳನ್ನು ಹೊರತೆಗೆದು, ಆರು ಮನೆಗಳ ಮೂಲಕ ಬೆಳಕು ಕಂಡರೆ ಅದು ಖಾಲಿ. ಎರಡನೆಯ ಬಗೆಯಲ್ಲಿ ಮೇಲುನೋಟಕ್ಕೆ ಏನೂ ತಿಳಿಯದು. ಗುಂಡುಗಳನ್ನು ಎಣಿಸಿ ತುಂಬಿ, ಎಣಿಸಿ ಹೊರತೆಗೆಯಬೇಕು.

ಇನ್ನು ಅನಿಲದ ವಿಚಾರ. ಜಪಾನಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎಚ್‌ಎಫ್‌ಸಿ 134ಎ. ನಮ್ಮ ಕಾರುಗಳ ಏರ್ ಕಂಡೀಶನರಿನಲ್ಲಿ ತಂಪು ಹುಟ್ಟಿಸುತ್ತ ಬಂದ ಅನಿಲವೂ ಇದೇ. ‘ಗ್ರೀನ್ ಗ್ಯಾಸ್’ ಎಂದು ಮಾರುವುದು ಮುಖ್ಯವಾಗಿ ಪ್ರೊಪೇನು, ಅದಕ್ಕೆ ಬೆರೆಸಿದ ಸ್ವಲ್ಪ ಸಿಲಿಕೋನ್ ಎಣ್ಣೆ. ನಮ್ಮ ಅಡಿಗೆಮನೆಯ ಸಿಲಿಂಡರಿನಲ್ಲಿ ಪ್ರೊಪೇನು, ಬ್ಯುಟೇನು ಕೂಡಿರುತ್ತವೆಂಬುದನ್ನು ಬಲ್ಲ ಗೃಹಿಣಿಯರಿಗೆ ಇದರ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆ, ದೇವರ ದೀಪ, ಊದುಬತ್ತಿ ಇರುವ ಕಡೆ ಇದನ್ನು ತುಂಬಕೂಡದು. ಮೂರನೆಯದು 12 ಗ್ರಾಂ ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಉಕ್ಕಿನ ಕೋಶ.

ಬಲದಲ್ಲಿ ಇವು ಮೂರೂ ಸಮವಲ್ಲ. 20 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 134ಎ ಅನಿಲದ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 6 ಪಟ್ಟು. ಪ್ರೊಪೇನಿನದು ಸುಮಾರು 8 ಪಟ್ಟು. ಇಂಗಾಲದ ಡೈಆಕ್ಸೈಡಿನದು 57 ಪಟ್ಟು. ಶಾಖ ಏರಿದಂತೆ ಒತ್ತಡವೂ ಏರುತ್ತದೆ. 40 ಡಿಗ್ರಿಯಲ್ಲಿ 134ಎ ಅನಿಲವೇ 10 ಪಟ್ಟು ಮುಟ್ಟುತ್ತದೆ. ಆದುದರಿಂದ ದೆಹಲಿಯ ಮೇ ತಿಂಗಳಿನಲ್ಲಿಯೊ ಹೈದರಾಬಾದಿನ ಬಿಸಿಲಿನಲ್ಲಿಯೊ ನಿಲ್ಲಿಸಿದ ಮುಚ್ಚಿದ ಕಾರಿನಲ್ಲಿ ಇಂಥ ಡಬ್ಬಿಯನ್ನಾಗಲಿ ಕೋಶವನ್ನಾಗಲಿ ಬಿಟ್ಟುಹೋಗುವುದು ಅಪಾಯ. ಒಂದು ಅನಿಲಕ್ಕೆಂದು ಮಾಡಿದ ರಿವಾಲ್ವರಿಗೆ ಇನ್ನೊಂದನ್ನು ತುಂಬುವುದೂ ಸಲ್ಲದು. 134ಎ ಅನಿಲಕ್ಕೆಂದು ಕಡೆದ ಪ್ಲಾಸ್ಟಿಕ್ ಮೈ ಅದಕ್ಕಿಂತ ಬಲವಾದದ್ದನ್ನು ತಡೆಯಲಾರದೆ ಬಿರಿಯಬಹುದು. ಆಡಿ ಮುಗಿದ ಮೇಲೆ ಉಕ್ಕಿನ ಕೋಶವನ್ನು ಹಿಡಿಯಲ್ಲೇ ಬಿಡದೆ ತೆಗೆದಿಡುವುದು ಕ್ರಮ. ರಬ್ಬರಿನ ಬಳೆಗಳಿಗೆ ಆಗಾಗ ಒಂದೆರಡು ಹನಿ ಸಿಲಿಕೋನ್ ಎಣ್ಣೆ ಬೇಕು. ಹೊಲಿಗೆಯಂತ್ರದ ಎಣ್ಣೆ ಹಾಕಿದರೆ ಆ ರಬ್ಬರು ಕೆಟ್ಟು ಅನಿಲ ಸೋರುವ ಸಂಭವವುಂಟು.

ಗುಂಡಿನ ಪೆಟ್ಟು ಎಷ್ಟೆಂದು ಕೇಳಬಹುದು. 0.2 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರು ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೂಲ್. ಬಟ್ಟೆಯ ಮೇಲೆ ಬಿದ್ದರೆ ಚುರುಕ್ಕೆನ್ನುತ್ತದೆ, ಬರಿಯ ಚರ್ಮದ ಮೇಲೆ ಬಿದ್ದರೆ ಕೆಂಪು ಬೊಕ್ಕೆ ಏಳುತ್ತದೆ. ಆದರೆ ಕಣ್ಣಿಗೆ ತಾಕಿದರೆ ದೃಷ್ಟಿಯನ್ನೇ ಕಳೆಯಬಲ್ಲದು. ಓದುವ ಕನ್ನಡಕ ಇದಕ್ಕೆ ರಕ್ಷೆಯಲ್ಲ. ಕಣ್ಣಿನ ಸುತ್ತ ಸಂದಿಲ್ಲದೆ ಕೂರುವ, ಪೆಟ್ಟು ತಡೆಯಲೆಂದೇ ಮಾಡಿದ ಕನ್ನಡಕವನ್ನು ಆಡುವವರೂ ನೋಡುವವರೂ ಧರಿಸತಕ್ಕದ್ದು. ಜಪಾನಿನಲ್ಲಿ ಬಲ ಹೆಚ್ಚಿಸಿದ ಬಂದೂಕುಗಳಿಂದ 2005ರಲ್ಲಿ ಓಡುವ ಕಾರುಗಳಿಗೆ ಹೊಡೆದ ಪ್ರಕರಣಗಳು ನಡೆದವು. ಆಮೇಲೆ 2006ರಲ್ಲಿ ಕಾನೂನನ್ನು ತಿದ್ದಿ, 6 ಮಿಲಿಮೀಟರು ಗುಂಡಿಗೆ ಸುಮಾರು 0.98 ಜೂಲ್ ಎಂಬ ಮೇರೆ ಹಾಕಿದರು.

ಹಿಡಿಯುವ ರೀತಿಯಲ್ಲಿ ಅಸಲಿಗೂ ನಕಲಿಗೂ ಭೇದವೆಣಿಸಬಾರದು. ಯಾವಾಗಲೂ ಗುಂಡು ತುಂಬಿದೆ ಎಂದೇ ಭಾವಿಸಿ ಮುಟ್ಟಬೇಕು. ನಳಿಗೆಯ ಬಾಯಿ ಮನುಷ್ಯರ ಕಡೆಗಾಗಲಿ ಸಾಕುಪ್ರಾಣಿಗಳ ಕಡೆಗಾಗಲಿ ತಿರುಗಕೂಡದು. ಗುರಿ ಹಿಡಿಯುವವರೆಗೆ ಬೆರಳು ಕುದುರೆಯ ಮೇಲೆ ಹೋಗಕೂಡದು. ಗುರಿಯ ಹಿಂದೆ ಏನಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಗಟ್ಟಿ ಗೋಡೆಗೆ ಬಡಿದ ಗುಂಡು ಮರಳಿ ಹೊಡೆದವನ ಮುಖಕ್ಕೇ ಬರಬಹುದು. ಕೆಲಸ ಮುಗಿದ ಮೇಲೆ ಖಾಲಿ ಮಾಡಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ದೊಡ್ಡವರ ಬಳಿ ಇರಬೇಕು.

ಈ ಆಟದಲ್ಲಿ ಮೆಚ್ಚತಕ್ಕ ಗುಣವೊಂದುಂಟು. ಎರಡು ಪಕ್ಷಗಳಾಗಿ ಬಯಲಲ್ಲಿ ಆಡುವಾಗ ಯಾರಿಗೆ ಗುಂಡು ತಾಕಿತೆಂದು ಹೇಳುವ ಗುರುತು ಯಾವುದೂ ಮೈಮೇಲೆ ಉಳಿಯುವುದಿಲ್ಲ. ತಾಕಿಸಿಕೊಂಡವನೇ ಕೈಯೆತ್ತಿ ‘ಹಿಟ್’ ಎಂದು ಕೂಗಿ ಹೊರಗೆ ಹೋಗಬೇಕು. ಸತ್ಯವಂತಿಕೆಯಿಲ್ಲದಿದ್ದರೆ ಆಟವೇ ಇಲ್ಲ. ಇಂಥ ಆಟವನ್ನು ನಾವು ಹಳಿಯುವುದಿಲ್ಲ.

ನಮ್ಮ ಅಂಜಿಕೆಯೆಲ್ಲ ಆಟದ ಬಯಲಿನ ಆಚೆಗಿನದು. ಹಿಡಿದವನಿಗೆ ಅದು ಆಟಿಕೆಯೆಂದು ಗೊತ್ತು; ನೋಡುವವನಿಗೆ ಹೇಗೆ ಗೊತ್ತಾಗಬೇಕು? ಅಮೆರಿಕದಲ್ಲಿ ಆಟಿಕೆ ಬಂದೂಕುಗಳ ನಳಿಗೆಯ ತುದಿಗೆ ಕಿತ್ತಳೆ ಬಣ್ಣದ ಗುರುತು ಇರಬೇಕೆಂದು 1988ರಲ್ಲಿಯೇ ಕಾನೂನಾಯಿತು. ಅದೇ ದೇಶದ ಕ್ಲೀವ್‌ಲೆಂಡ್ ನಗರದಲ್ಲಿ 2014ರ ನವೆಂಬರ್ 22ರಂದು ತಮೀರ್ ರೈಸ್ ಎಂಬ 12 ವರ್ಷದ ಹುಡುಗ ಉದ್ಯಾನವೊಂದರಲ್ಲಿ ಏರ್‌ಸಾಫ್ಟ್ ಪಿಸ್ತೂಲು ಹಿಡಿದು ಆಡುತ್ತಿದ್ದ. ಅದರ ಕಿತ್ತಳೆ ಗುರುತು ಕಳಚಿಹೋಗಿತ್ತು. ಕಂಡವರೊಬ್ಬರು ಪೊಲೀಸರಿಗೆ ಫೋನು ಮಾಡಿ, ಅದು ನಕಲಿಯಿರಬಹುದೆಂಬ ಮಾತನ್ನೂ ಸೇರಿಸಿದ್ದರು. ಆ ಮಾತು ಸ್ಥಳಕ್ಕೆ ಬಂದ ಪೊಲೀಸರಿಗೆ ಮುಟ್ಟಲಿಲ್ಲ. ಕಾರು ಬಂದು ನಿಂತ ಎರಡು ಸೆಕೆಂಡುಗಳೊಳಗೆ ಗುಂಡು ಹಾರಿತು. ಹುಡುಗ ಮರುದಿನ ತೀರಿಕೊಂಡ. 2016ರಲ್ಲಿ ನಗರಸಭೆಯು ಆ ಕುಟುಂಬಕ್ಕೆ 60 ಲಕ್ಷ ಡಾಲರು ಕೊಡಲು ಒಪ್ಪಿತು. ಹೋದ ಮಗುವನ್ನು ಯಾವ ಡಾಲರು ತಂದುಕೊಟ್ಟೀತು? ಕರಿಯ ಹುಡುಗನಾದ್ದರಿಂದಲೇ ಪೊಲೀಸರು ಅಷ್ಟು ಅವಸರಪಟ್ಟರೆಂಬ ರೋಷ ಆ ದೇಶದಲ್ಲೆಲ್ಲ ಎದ್ದಿತು. ಪರದೇಶದಲ್ಲಿ ಬಾಳುವ ನಮ್ಮ ಮಕ್ಕಳ ತಾಯ್ತಂದೆಗಳು ಈ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ನಮ್ಮ ದೇಶದ ಕಾನೂನನ್ನೂ ಅರಿತಿರಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆಯು ಬಂದೂಕಿನ ಲಕ್ಷಣ ಹೇಳುವಾಗ ಮದ್ದನ್ನಷ್ಟೇ ಅಲ್ಲ, ಬೇರೆ ಬಗೆಯ ಶಕ್ತಿಯಿಂದ ಗುಂಡು ಹಾರಿಸುವುದನ್ನೂ ಸೇರಿಸಿದೆ. ಆಟಿಕೆಯಾಗಿಯಲ್ಲದೆ ಬೇರೆ ಯಾವುದಕ್ಕೂ ಒದಗದ, ಆಯುಧವಾಗಿ ಮಾರ್ಪಡಿಸಲೂ ಬಾರದ ವಸ್ತುವನ್ನು ಮಾತ್ರ ಬಿಟ್ಟಿದೆ. 2016ರ ನಿಯಮಗಳಲ್ಲಿ ಗಾಳಿ ಬಂದೂಕುಗಳಿಗೆ 20 ಜೂಲ್ ಶಕ್ತಿ, 4.5 ಮಿಲಿಮೀಟರು ನಳಿಗೆ ಎಂಬ ಮೇರೆಯುಂಟು. ಅದನ್ನು ಮೀರಿದರೆ ಪರವಾನಿಗೆಯ ಪ್ರಶ್ನೆ ಏಳುತ್ತದೆ. ನಮ್ಮ ರಿವಾಲ್ವರಿನ ಗುಂಡೇ 6 ಮಿಲಿಮೀಟರಿನದು! ಆದುದರಿಂದ ‘ಇದು ಬರಿಯ ಆಟಿಕೆ ಸ್ವಾಮಿ’ ಎಂಬ ಅಂಗಡಿಯವನ ಮಾತನ್ನು ನೆಚ್ಚಿ ಹಣ ಕೊಡಬಾರದು. ಊರಿಗೆ ಬರುವಾಗ ಅಣ್ಣನ ಮಗನಿಗೆಂದು ಪೆಟ್ಟಿಗೆಯಲ್ಲಿ ಹಾಕಿ ತರುವ ಯೋಚನೆಯೂ ಬೇಡ. ವಿಮಾನದಲ್ಲಿ ಕೈಚೀಲದೊಳಗೆ ಆಟಿಕೆ ಪಿಸ್ತೂಲಿಗೂ ಎಡೆಯಿಲ್ಲ. ಕಸ್ಟಮ್ಸಿನವರ ಮುಂದೆ ತಲೆತಗ್ಗಿಸಿ ನಿಲ್ಲುವ ಪ್ರಸಂಗ ಯಾರಿಗೂ ಬರಬಾರದು. ಪೊಲೀಸ್ ಕಮಿಷನರ ಕಚೇರಿಯ ಪರವಾನಿಗೆ ವಿಭಾಗದಲ್ಲಿ ಮೊದಲೇ ಬರಹದ ಮೂಲಕ ಕೇಳುವುದು ಲೇಸು.

ಹೊರನಾಡಿನಲ್ಲಿರುವ ನಮ್ಮ ಕುಟುಂಬಗಳಿಗೆ ಒಂದು ಮಾತು. ಮಗನೊ ಮಗಳೊ ಈ ಹವ್ಯಾಸ ಹಿಡಿದಿದ್ದರೆ ಗದರಿಸಬೇಡಿ. ಮುಂದಿನ ಸಲ ಫೋನಿನಲ್ಲಿ ಮಾತಾಡುವಾಗ ಮೂರು ಪ್ರಶ್ನೆ ಕೇಳಿ. ಕಣ್ಣಿಗೆ ತಕ್ಕ ಕನ್ನಡಕ ಇದೆಯೆ? ಮನೆಯಿಂದ ಮೈದಾನದವರೆಗೆ ಅದು ಮುಚ್ಚಿದ ಪೆಟ್ಟಿಗೆಯಲ್ಲಿಯೇ ಹೋಗುತ್ತದೆಯೆ? ತುದಿಯ ಬಣ್ಣದ ಗುರುತು ಹಾಗೆಯೇ ಇದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಸಂತೋಷ. ಒಂದಕ್ಕೆ ಇಲ್ಲವೆಂದರೂ, ಅದು ಸರಿಹೋಗುವ ತನಕ ರಿವಾಲ್ವರು ಪೆಟ್ಟಿಗೆಯಲ್ಲಿಯೇ ಇರಲಿ ಎಂದು ಹಿರಿಯರಾದವರು ಹೇಳಲೇಬೇಕು.