ಕಾಲು ಸೋತ ಮೇಲಿನ ಕಾಳಗ

1980ರ ಜುಲೈನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು ಬಾಕ್ಸರ್ ಮುಹಮ್ಮದ್ ಅಲಿಯವರನ್ನು ಪರೀಕ್ಷಿಸಿದರು. ಬೆರಳಿನಿಂದ ಮೂಗಿನ ತುದಿ ಮುಟ್ಟಿ ಎಂದಾಗ ಗುರಿ ತುಸು ತಪ್ಪಿತು. ಕುಂಟಾಬಿಲ್ಲೆ ಆಡುವ ಮಕ್ಕಳಂತೆ ಒಂಟಿ ಕಾಲಲ್ಲಿ ಜಿಗಿಯಿರಿ ಎಂದಾಗ ಅವರಿಂದ ನಿರೀಕ್ಷಿಸಬಹುದಾದ ಚುರುಕು ಕಾಣಲಿಲ್ಲ. ಇಷ್ಟೆಲ್ಲ ಬರೆದ ವರದಿಯೇ ಕೊನೆಗೆ, ಪಂದ್ಯ ಆಡದಂತೆ ತಡೆಯುವ ದೋಷವೇನೂ ಇಲ್ಲ ಎಂದು ಮುಗಿಯಿತು. ನೆವಾಡಾ ರಾಜ್ಯ ಪರವಾನಗಿ ಕೊಟ್ಟಿತು. ಅಲಿಗೆ ಆಗ 38 ವರ್ಷ. ಹಿಂದಿನ ವರ್ಷವಷ್ಟೇ ನಿವೃತ್ತಿ ಘೋಷಿಸಿದ್ದವರು ಎಂಬತ್ತು ಲಕ್ಷ ಡಾಲರ್ ಸಂಭಾವನೆಯ ಕರೆಗೆ ಓಗೊಟ್ಟು ಮರಳಿದ್ದರು.

ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಅವರ ಎದುರು ನಿಂತವರು ಲ್ಯಾರಿ ಹೋಮ್ಸ್. ಹಿಂದೆ ಅಲಿಯ ತರಬೇತಿ ಶಿಬಿರದಲ್ಲೇ ಸ್ಪಾರಿಂಗ್ ಜೊತೆಗಾರನಾಗಿ ಪಳಗಿದ್ದ ಹೋಮ್ಸ್ ಈಗ ಹೆವಿವೇಟ್ ಚಾಂಪಿಯನ್. ಅಲಿಯ ಮೈ ನೋಡಿದರೆ ಹತ್ತು ವರ್ಷ ಹಿಂದೆ ಹೋದಂತಿತ್ತು: ತಲೆಗೂದಲಿಗೆ ಕಪ್ಪು ಬಣ್ಣ, ಕರಗಿದ ಹೊಟ್ಟೆ. ಆದರೆ ಆ ತೂಕ ಇಳಿದದ್ದರ ಹಿಂದೆ ಥೈರಾಯ್ಡ್ ಮಾತ್ರೆಗಳೂ ಇದ್ದವು. ಮೈಯ ಕಸುವನ್ನೂ ಅವು ಹಿಂಡಿಹಾಕಿದ್ದವು. ಗಂಟೆ ಬಾರಿಸಿದ ಮೇಲೆ ಕಂಡದ್ದು ಕಾಳಗವಲ್ಲ. ಹೋಮ್ಸ್ ಹೊಡೆಯುತ್ತಿದ್ದರು, ಅಲಿ ತಿನ್ನುತ್ತಿದ್ದರು. ಒಂಬತ್ತನೆಯ ಸುತ್ತಿನಲ್ಲಿ ಗದ್ದಕ್ಕೊಂದು ಅಪ್ಪರ್‌ಕಟ್ ಬಿತ್ತು, ಹಿಂದೆಯೇ ಮೂತ್ರಪಿಂಡದ ಜಾಗಕ್ಕೊಂದು ಹೊಡೆತ. ಅಲಿ ನೋವಿನಿಂದ ಕೂಗಿದರು. ಸಾಕು, ನಿಲ್ಲಿಸಿ ಎಂದು ಹೋಮ್ಸ್ ತಾವೇ ರೆಫರಿಯತ್ತ ನೋಡಬೇಕಾಯಿತು. ಹತ್ತನೆಯ ಸುತ್ತು ಮುಗಿದಾಗ ತರಬೇತುದಾರ ಏಂಜೆಲೋ ಡಂಡಿ ಪಂದ್ಯ ಮುಗಿಯಿತೆಂದರು. ಅಲಿ ಬಳಗದ ಬಂಡಿನಿ ಬ್ರೌನ್, ಡಂಡಿಯ ಸ್ವೆಟರ್ ಹಿಡಿದೆಳೆದು ಇನ್ನೊಂದು ಸುತ್ತು ಕೊಡಿ ಎಂದು ಅಂಗಲಾಚಿದರು. ಇಲ್ಲಿ ಮುಖ್ಯಸ್ಥ ನಾನು ಎಂದು ಕೂಗಿ ಡಂಡಿ ಪಟ್ಟು ಬಿಡಲಿಲ್ಲ. ಮೂವರು ತೀರ್ಪುಗಾರರೂ ಹತ್ತಕ್ಕೆ ಹತ್ತು ಸುತ್ತನ್ನು ಹೋಮ್ಸ್‌ಗೆ ಕೊಟ್ಟಿದ್ದರು. ಗೆದ್ದ ಹೋಮ್ಸ್ ಆ ರಾತ್ರಿ ಅತ್ತರು.

ವಯಸ್ಸಾದ ಬಾಕ್ಸರ್‌ನನ್ನು ಮೊದಲು ಕೈಬಿಡುವುದು ಕಾಲು, ಕೊನೆಗೆ ಕೈಬಿಡುವುದು ಪಂಚ್ ಎಂಬ ಮಾತು ಜಿಮ್‌ಗಳಲ್ಲಿ ಹಳೆಯದು. ಅದರಲ್ಲಿ ಹುರುಳಿದೆ. ಎದುರಾಳಿಯ ಭುಜ ಅಲುಗಿದ್ದು ಕಣ್ಣಿಗೆ ಬೀಳುತ್ತದೆ, ಯಾವ ಹೊಡೆತ ಬರುತ್ತಿದೆ ಎಂಬುದು ಇಪ್ಪತ್ತು ವರ್ಷದ ಅನುಭವಕ್ಕೆ ಗೊತ್ತು, ಆದರೆ ತಲೆ ಸರಿಯುವಷ್ಟರಲ್ಲಿ ಹೊಡೆತ ಬಂದು ಬಿದ್ದಿರುತ್ತದೆ. ಕೈ ಕೆಳಗಿಟ್ಟು, ಮುಖವನ್ನು ಹಿಂದಕ್ಕೆ ವಾಲಿಸಿ ತಪ್ಪಿಸಿಕೊಳ್ಳುತ್ತಿದ್ದ ಅಲಿಯಂಥವರಿಗೆ ಇದು ಎರಡು ಪಟ್ಟು ಅಪಾಯ. ಅವರ ರಕ್ಷಣೆಯೆಲ್ಲ ನಿಂತಿದ್ದದ್ದೇ ವೇಗದ ಮೇಲೆ. ಆ ವೇಗ ಹೋದ ಮೇಲೂ ಎದೆಗಾರಿಕೆ ಮಾತ್ರ ಹಾಗೇ ಉಳಿದಿತ್ತು. ಬೀಳದೆ ನಿಲ್ಲುವ ಆ ಛಲವನ್ನು ನಾವು ಕೊಂಡಾಡುತ್ತೇವೆ. ಹೆಚ್ಚು ಹೊಡೆತ ತಿನ್ನುವಂತೆ ಮಾಡುವುದೂ ಅದೇ.

ಹೊಡೆತ ಬಿದ್ದಾಗ ಒಳಗೇನಾಗುತ್ತದೆ? ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ಹುಕ್ ಪಂಚ್ ತಲೆಯನ್ನು ಥಟ್ಟನೆ ತಿರುಗಿಸಿದಾಗ ಮಿದುಳು ಅರೆಗಳಿಗೆ ಹಿಂದೆ ಬೀಳುತ್ತದೆ, ನರತಂತುಗಳು ಜಗ್ಗುತ್ತವೆ. ವಯಸ್ಸಾದಂತೆ ಮಿದುಳು ಕುಗ್ಗಿ, ಅದಕ್ಕೂ ಬುರುಡೆಗೂ ನಡುವಿನ ರಕ್ತನಾಳಗಳು ಬಿಗಿದುಕೊಂಡಿರುವುದರಿಂದ ಅವು ಹರಿದು ರಕ್ತ ಕಟ್ಟುವ ಸಂಭವವೂ ಹೆಚ್ಚು. ಇನ್ನೊಂದು ಹಾನಿ ನಿಧಾನದ್ದು. ತಡವರಿಸುವ ನಡಿಗೆ, ತೊದಲುವ ಮಾತು, ಮಂಕು ಕವಿದ ನೆನಪು: ಮಾಜಿ ಬಾಕ್ಸರ್‌ಗಳ ಈ ಲಕ್ಷಣಗಳನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯ 1928ರಲ್ಲೇ ದಾಖಲಿಸಿದ್ದರು. ಇಂಥವರ ಮಿದುಳಿನಲ್ಲಿ ಟಾವ್ ಎಂಬ ಪ್ರೋಟೀನ್ ವಿಕಾರಗೊಂಡು ಗಂಟುಗಟ್ಟಿರುವುದು ಮುಂದೆ ತಿಳಿಯಿತು. ಅದನ್ನು ಖಚಿತವಾಗಿ ಗುರುತಿಸಲು ಇಂದಿಗೂ ಸಾವಿನ ನಂತರದ ಪರೀಕ್ಷೆಯೇ ಬೇಕು. ಅಲಿಗೆ ಪಾರ್ಕಿನ್‌ಸನ್ ರೋಗಲಕ್ಷಣಗಳಿವೆ ಎಂದು 1984ರಲ್ಲಿ ಗೊತ್ತಾಯಿತು. ಹೊಡೆತಗಳೇ ಕಾರಣವೇ ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ, ನಿಜ. ಆದರೆ ಹೋಮ್ಸ್ ಎದುರಿನ ಹತ್ತು ಸುತ್ತುಗಳು ಅವರಿಗೆ ಒಳಿತು ಮಾಡಿದವೆಂದು ಯಾರೂ ಹೇಳಲಾರರು.

ಹಾಗಾದರೆ ಏಕೆ ಬಿಡುವುದಿಲ್ಲ? ದುಡ್ಡು ಒಂದು ಕಾರಣ. ಸುಮಾರು ಹನ್ನೆರಡು ವರ್ಷ ಚಾಂಪಿಯನ್ ಆಗಿದ್ದ ಜೋ ಲೂಯಿ, ನಿವೃತ್ತಿಯ ಬಳಿಕ ಆದಾಯ ತೆರಿಗೆ ಬಾಕಿಯ ಹೊರೆಯಿಂದ ರಿಂಗ್‌ಗೆ ಮರಳಿದರು. 1951ರಲ್ಲಿ, 37ನೆಯ ವಯಸ್ಸಿನಲ್ಲಿ, ಲೂಯಿ ಅವರನ್ನು ರಾಕಿ ಮಾರ್ಸಿಯಾನೋ ಎಂಟನೆಯ ಸುತ್ತಿನಲ್ಲಿ ಹಗ್ಗಗಳಾಚೆ ಕೆಡವಿದರು. ಇನ್ನೊಂದು ಕಾರಣ, ಅಪರೂಪಕ್ಕೆ ಗೆದ್ದವರ ಕಥೆ. ಜಾರ್ಜ್ ಫೋರ್‌ಮನ್ 1994ರಲ್ಲಿ 45ನೆಯ ವಯಸ್ಸಿಗೆ ಮೈಕಲ್ ಮೂರರ್ ಅವರನ್ನು ಒಂದು ಬಲಗೈ ಹೊಡೆತದಿಂದ ಉರುಳಿಸಿ ಮತ್ತೆ ಚಾಂಪಿಯನ್ ಆದರು. ಅವರು ನಡುವೆ ಹತ್ತು ವರ್ಷ ರಿಂಗ್‌ನಿಂದಲೇ ದೂರವಿದ್ದರು. ವೇಗಕ್ಕಿಂತ ತೋಳಿನ ಬಲವನ್ನು ನಂಬಿದವರು. ಅವರ ಗೆಲುವನ್ನು ಎಲ್ಲ ಹಳಬರಿಗೂ ಆಸೆಯಾಗಿ ತೋರಿಸುವುದು ಅನ್ಯಾಯ.

ನಿಲ್ಲಿಸುವ ತೀರ್ಮಾನವನ್ನು ಬಾಕ್ಸರ್‌ಗೇ ಬಿಡುವುದರಲ್ಲೇ ತಪ್ಪಿದೆ ಎಂದು ನನಗನ್ನಿಸುತ್ತದೆ. ಸೋಲನ್ನು ಒಪ್ಪದಿರಲು ಆತ ಜೀವನವಿಡೀ ಪಳಗಿರುತ್ತಾನೆ. ಅಲಿಯ ವೈದ್ಯ ಫರ್ಡಿ ಪಚೆಕೊ 1977ರ ಅರ್ನಿ ಶೇವರ್ಸ್ ಪಂದ್ಯದ ನಂತರ ಮೂತ್ರಪಿಂಡದ ವರದಿಯನ್ನು ಅಲಿಗೂ ಅವರ ಹತ್ತಿರದವರಿಗೂ ಕಳಿಸಿದರು. ಉತ್ತರ ಬರಲಿಲ್ಲ. ಅವರು ಬಳಗ ಬಿಟ್ಟು ನಡೆದರು. ಉಳಿದವರು ಉಳಿದರು. ಹೋಮ್ಸ್ ಎದುರು ಸೋತ ಮರುವರ್ಷ, 1981ರ ಡಿಸೆಂಬರ್‌ನಲ್ಲಿ, ಅಲಿ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು ಮತ್ತೊಮ್ಮೆ ಆಡಿ ಸೋತರು. ರಿಂಗ್‌ಗೆ ತಕ್ಕ ಗಂಟೆಯೂ ಇಲ್ಲದೆ ಅಲ್ಲಿ ಹಸುವಿನ ಕೊರಳ ಗಂಟೆ ಬಾರಿಸಿದ್ದರು.

ಅಲಿಯನ್ನು ಸೋಲಿಸಿ ಅತ್ತ ಹೋಮ್ಸ್ ಮುಂದೇನಾದರು? ನಿವೃತ್ತರಾಗಿ, ಮರಳಿ, 1988ರ ಜನವರಿಯಲ್ಲಿ ಮೈಕ್ ಟೈಸನ್ ಎದುರು ನಾಲ್ಕನೆಯ ಸುತ್ತಿನಲ್ಲಿ ನೆಲಕ್ಕುರುಳಿದರು. ಅವರಿಗೂ ಆಗ 38. ಆಮೇಲೂ ಆಡುತ್ತಾ ಹೋಗಿ 2002ರಲ್ಲಿ, 52ನೆಯ ವಯಸ್ಸಿನಲ್ಲಿ ನಿಲ್ಲಿಸಿದರು. ಟೈಸನ್ 58ನೆಯ ವಯಸ್ಸಿನಲ್ಲಿ, 2024ರ ನವೆಂಬರ್‌ನಲ್ಲಿ, 27ರ ಜೇಕ್ ಪಾಲ್ ಎದುರು ನಿಂತರು. ಕೆಲವೇ ತಿಂಗಳ ಹಿಂದೆ ಹೊಟ್ಟೆಯ ಹುಣ್ಣಿನಿಂದ ನರಳಿದ್ದರಿಂದ ಪಂದ್ಯವನ್ನೇ ಮುಂದೂಡಲಾಗಿತ್ತು. ಟೆಕ್ಸಾಸ್ ರಾಜ್ಯ ಆ ಪಂದ್ಯಕ್ಕೆ ಅನುಮತಿ ಕೊಟ್ಟಿತು.

ಒಲಿಂಪಿಕ್ ಶೈಲಿಯ ಬಾಕ್ಸಿಂಗ್‌ನಲ್ಲಿ ಹೀಗಾಗುವುದಿಲ್ಲ. ಅಲ್ಲಿ 40 ದಾಟಿದವರಿಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಪ್ರವೇಶವಿಲ್ಲ. ಆರು ಬಾರಿ ವಿಶ್ವ ಚಾಂಪಿಯನ್ ಆದ ನಮ್ಮ ಮೇರಿ ಕೋಮ್ ಇನ್ನೂ ಆಡುವ ಆಸೆಯಿದೆ ಎಂದರೂ ನಿಯಮ ಸಡಿಲವಾಗಲಿಲ್ಲ. ಮೇರಿ ಅವರಿಗೆ ಅದು ನೋವಾಗಿರಬಹುದು. ನಿಯಮ ಮಾತ್ರ ಸರಿಯಾದದ್ದು. ವೃತ್ತಿ ಬಾಕ್ಸಿಂಗ್‌ಗೂ ಇಂಥದೇ ಒಂದು ಗೆರೆ ಬೇಕು, ಅದನ್ನು ಎಳೆಯಬೇಕಾದವರು ಪರವಾನಗಿಗೆ ಸಹಿ ಹಾಕುವವರು.